ಒರಿಗಾಮಿ ಸವಿಯಲು ಎಷ್ಟು ಗಣಿತ ಬೇಕು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ವೇದಿಕೆಯ ಮೇಲೆ ಕಾಗದ ಹಿಡಿದು ತೋರಿಸಿದ್ದನ್ನು ಓದುಗರು ತಾವೇ ಮಡಚಿ ನೋಡುವಂತೆ ಇಲ್ಲಿ ಬಿಡಿಸಿ ಬರೆದಿದೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲದಲ್ಲಿ ನೋಟ್‌ಬುಕ್ ಹಾಳೆ ಹರಿದು ದೋಣಿ ಮಾಡದವರು ಈ ಸಭೆಯಲ್ಲಿ ಇರಲಾರರು. ಅದೇ ದೋಣಿಯನ್ನು ಈಗ ಚೌಕದ ಹಾಳೆಯಲ್ಲಿ ಮಾಡಿ ನೋಡಿ. ಆಗುವುದಿಲ್ಲ. ಅರ್ಧಕ್ಕೆ ಮಡಚಿದಿರಿ, ಮೇಲಿನ ಎರಡು ಮೂಲೆಗಳನ್ನು ನಡುಗೆರೆಗೆ ತಂದಿರಿ, ಅಷ್ಟರಲ್ಲಿ ಕಾಗದ ಮುಗಿದುಹೋಯಿತು. ಕೆಳಗಿನಿಂದ ಮೇಲಕ್ಕೆ ಮಡಚಬೇಕಾದ ಪಟ್ಟಿಯೇ ಉಳಿಯಲಿಲ್ಲ. ಎ4 ಹಾಳೆಯಲ್ಲಾದರೆ ಹೀಗಾಗುವುದಿಲ್ಲ. ಅದರ ಅಗಲ 210 ಮಿ.ಮೀ., ಉದ್ದ 297 ಮಿ.ಮೀ. ಉದ್ದವನ್ನು ಅರ್ಧ ಮಾಡಿದರೆ ಎತ್ತರ 148.5. ಮೂಲೆಗಳು ನಡುಗೆರೆಗೆ ಬಂದಾಗ ಅಗಲದ ಅರ್ಧದಷ್ಟು, ಅಂದರೆ 105 ಮಿ.ಮೀ. ಎತ್ತರವನ್ನು ನುಂಗುತ್ತವೆ. ಉಳಿದದ್ದು 43.5 ಮಿ.ಮೀ. ದೋಣಿಯ ಅಂಚು ಆಗುವುದು ಆ ಪಟ್ಟಿಯೇ. ಚೌಕದಲ್ಲಿ ಅರ್ಧ ಮಾಡಿದ ಎತ್ತರವೂ ಅಗಲದ ಅರ್ಧವೂ ಒಂದೇ ಆದ್ದರಿಂದ ಉಳಿಕೆ ಸೊನ್ನೆ.

ಇಲ್ಲಿ ಬಳಸಿದ್ದು ಕಳೆಯುವ ಲೆಕ್ಕ, ಅಷ್ಟೆ. ದೋಣಿ ಮಾಡಿ ನೀರಿಗೆ ಬಿಡುವ ಖುಷಿಗೆ ಆ ಲೆಕ್ಕವೂ ಬೇಕಿರಲಿಲ್ಲ. ಆದರೆ ‘ಚೌಕದಲ್ಲಿ ಯಾಕೆ ಆಗಲಿಲ್ಲ?’ ಎಂದು ಒಮ್ಮೆ ಕೇಳಿದವರಿಗೆ ಆಮೇಲೆ ದೋಣಿಯೇ ಬೇರೆ ರೀತಿ ಕಾಣುತ್ತದೆ. ಇಂದು ಹೇಳಬೇಕಾದ ಮಾತು ಇದೇ. ಒರಿಗಾಮಿಯನ್ನು, ಅಂದರೆ ಕಾಗದ ಮಡಚುವ ಕಲೆಯನ್ನು, ಸವಿಯಲು ಗಣಿತದ ಓದು ಪೂರ್ವಶರತ್ತಲ್ಲ, ಗಣಿತದ ಪ್ರಶ್ನೆ ಮಾತ್ರ ಬೇಕು. ಆ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು. ಓದು ಇದ್ದವರು ಉತ್ತರವನ್ನು ಇನ್ನೂ ದೂರದವರೆಗೆ ಹಿಂಬಾಲಿಸಬಲ್ಲರು. ಮತ್ತೊಂದು ಮಾತು: ಕೈ ಮೊದಲು, ಗಣಿತದ ರುಜುವಾತು ಆಮೇಲೆ. ಈ ಕ್ರಮ ತಿರುವುಮುರುವಾದರೆ ಗಣಿತ ಓದಿದವರು, ಓದದವರು ಇಬ್ಬರ ಖುಷಿಯೂ ಕೆಡುತ್ತದೆ.

ಒರಿಗಾಮಿಯನ್ನು ಬೆಳೆಸಿದವರ ಹಿನ್ನೆಲೆ ನೋಡಿದರೂ ಇದು ಗೊತ್ತಾಗುತ್ತದೆ. ಆಧುನಿಕ ಒರಿಗಾಮಿಯ ಹಿರಿಯ ಅಕಿರಾ ಯೋಶಿಜಾವಾ (1911–2005) ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಅಲ್ಲಿನ ಕಿರಿಯ ಕೆಲಸಗಾರರಿಗೆ ರೇಖಾಗಣಿತ ಕಲಿಸಬೇಕಾಗಿ ಬಂದಾಗ ಕಾಗದ ಮಡಚಿಯೇ ಕಲಿಸಿದರು. ಇಂದು ಒರಿಗಾಮಿ ನಕ್ಷೆಗಳಲ್ಲಿ ಒಳಕ್ಕೆ ತಗ್ಗುವ ಕಣಿವೆ ಮಡಿಕೆಗೆ ತುಂಡುಗೆರೆ, ಹೊರಕ್ಕೆ ಉಬ್ಬುವ ಬೆಟ್ಟ ಮಡಿಕೆಗೆ ಗೆರೆ-ಚುಕ್ಕಿ ಎಂದು ನಾವು ಓದುವ ಸಂಕೇತಗಳು ಅವರಿಂದ ಬಂದವು. ಕಜುವೊ ಹಾಗಾ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನಿಯಾಗಿದ್ದವರು, ಜುನ್ ಮಾಯೆಕಾವಾ ಭೌತವಿಜ್ಞಾನ ಓದಿದವರು. ತೊಶಿಕಾಜು ಕಾವಾಸಾಕಿ ಗಣಿತಜ್ಞ, ಅವರ ಕಾಗದದ ಗುಲಾಬಿಯನ್ನು ಮಡಚುವವರಲ್ಲಿ ಹೆಚ್ಚಿನವರಿಗೆ ಅವರ ಹೆಸರಿನ ಪ್ರಮೇಯ ಗೊತ್ತಿರುವುದಿಲ್ಲ. ರಾಬರ್ಟ್ ಲ್ಯಾಂಗ್ ಲೇಸರ್ ಕ್ಷೇತ್ರದಲ್ಲಿ ಕೆಲಸ ಮಾಡಿದ ಭೌತವಿಜ್ಞಾನಿ. ಒಂದೇ ಕಸುಬು ಇಷ್ಟು ಬೇರೆಬೇರೆ ಜನರನ್ನು ಹಿಡಿದು ನಿಲ್ಲಿಸಿದೆ.

ನಮಗೆ ಹತ್ತಿರದವರ ಹೆಸರನ್ನೂ ಹೇಳಲೇಬೇಕು. 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರ ರಾವ್ ಎಂಬವರು ಕಾಗದ ಮಡಿಕೆಯಿಂದ ರೇಖಾಗಣಿತ ಕಲಿಸುವ ಪುಸ್ತಕವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅವರಿಗೆ ಹೊಳಹು ಸಿಕ್ಕಿದ್ದು ಶಿಶುವಿಹಾರದ ಆಟಿಕೆಯಿಂದ: ಬಣ್ಣಬಣ್ಣದ 200 ಚೌಕಗಳು, ಮಡಚಲು ಒಂದು ಪಟ್ಟಿ, ಜೊತೆಗೆ ಸೂಚನೆಗಳಿದ್ದ ಪೊಟ್ಟಣ. ಆ ಮಕ್ಕಳ ಚೌಕದಿಂದ ಹೊರಟು ಸಮಭುಜ ತ್ರಿಭುಜ, ಪಂಚಭುಜ, ಶ್ರೇಢಿಗಳು, ಶಂಕುಛೇದಗಳವರೆಗೆ ಅವರು ಹೋದರು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1895ರಲ್ಲಿ ಅದನ್ನು ಉಲ್ಲೇಖಿಸಿದರು. ಅದನ್ನು ಕಂಡ ಅಮೆರಿಕದ ಇಬ್ಬರು ಗಣಿತ ಶಿಕ್ಷಕರು, ಬೀಮನ್ ಮತ್ತು ಸ್ಮಿತ್, 1901ರಲ್ಲಿ ಷಿಕಾಗೋದಿಂದ ಪುಸ್ತಕವನ್ನು ಮತ್ತೆ ಹೊರತಂದರು. ಕಾಗದದ ಗಣಿತದ ಬಗ್ಗೆ ಜಗತ್ತು ಮಾತಾಡುವಾಗ ಮೊದಲ ಹೆಸರುಗಳಲ್ಲಿ ಒಂದು ದಕ್ಷಿಣ ಭಾರತದ್ದು. ನಮ್ಮ ಶಾಲೆಗಳಲ್ಲಿ ಆ ಹೆಸರು ಕೇಳಿಬರುವುದಿಲ್ಲ ಎನ್ನುವುದು ನಿಜಕ್ಕೂ ನೋವಿನ ಸಂಗತಿ.

ಅಡ್ಡಿ ಎಲ್ಲಿದೆ

‘ನನಗೆ ಲೆಕ್ಕ ಬರಲ್ಲ, ಅದಕ್ಕೇ ಒರಿಗಾಮಿ ಕೂಡ ಬರಲ್ಲ’ ಎನ್ನುವವರ ಕೈಯಲ್ಲಿರುವ ಕಾಗದವನ್ನು ಗಮನಿಸಿ. ತೊಂದರೆ ಇರುವುದು ಲೆಕ್ಕದಲ್ಲಲ್ಲ, ಬಹುಪಾಲು ಸಲ ಕಾಗದದಲ್ಲಿ.

ಮೊದಲು ಚೌಕ ನಿಜವಾಗಿ ಚೌಕವೇ ಎಂದು ನೋಡಬೇಕು. ಒಂದು ಬದಿಯನ್ನು ಪಕ್ಕದ ಬದಿಯ ಮೇಲೆ ತಂದು ಮೂಲೆಯಿಂದ ಓರೆಯಾಗಿ ಮಡಚಿ. ತುದಿ ಸರಿಯಾಗಿ ಎದುರು ತುದಿಯ ಮೇಲೆ ಕೂತರೆ ಚೌಕ. ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ಚೌಕಗಳಲ್ಲಿ 1–2 ಮಿ.ಮೀ. ವ್ಯತ್ಯಾಸ ಸಾಮಾನ್ಯ. ಆ ವ್ಯತ್ಯಾಸ ಕಾಗದದ ಕೊಕ್ಕರೆ ಮಡಚುವಾಗ ಕೊನೆಯ ಹಂತದಲ್ಲಿ ಕೊಕ್ಕಿನ ಬಳಿ ಬಂದು ಕೂರುತ್ತದೆ, ಆಗ ಸರಿಮಾಡಲು ಬರುವುದಿಲ್ಲ.

ಎ4 ಹಾಳೆಯಿಂದ ಚೌಕ ಮಾಡುವುದಾದರೆ ಅಗಲದ ಬದಿಯನ್ನು ಉದ್ದದ ಬದಿಯ ಮೇಲೆ ತಂದು ಮಡಚಿ, ಉಳಿದ 87 ಮಿ.ಮೀ. ಪಟ್ಟಿಯನ್ನು ಕತ್ತರಿಸಬೇಕು. ಕತ್ತರಿಸುವ ಮೊದಲು ಇನ್ನೊಂದು ನೋಡಿ: ಆ ಓರೆ ಮಡಿಕೆಯ ಉದ್ದವೂ ಹಾಳೆಯ ಉದ್ದವೂ ಒಂದೇ. 210ರ ಚೌಕದ ಕರ್ಣ 210 × √2, ಅಂದರೆ 296.98. ಹಾಳೆಯ ಉದ್ದ 297. ಎ4 ಅಳತೆಯೊಳಗೆ √2 ಅಡಗಿ ಕೂತಿದೆ. ಹಾಳೆಯ ಉದ್ದದ ಅಂಚನ್ನು ಆ ಮಡಿಕೆಯ ಮೇಲೆ ಇಟ್ಟರೆ ತುದಿಗೆ ತುದಿ ಕೂರುತ್ತದೆ. ಕೂರದಿದ್ದರೆ ಹಾಳೆ ಸರಿಯಾಗಿ ಕತ್ತರಿಸಿದ್ದಲ್ಲ. √2 ಎಂದರೇನು ಎಂದು ಮರೆತವರೂ ಈ ಹೊಂದಾಣಿಕೆ ಕಂಡಾಗ ‘ಅರೆ!’ ಎನ್ನುತ್ತಾರೆ.

ಕಾಗದದ ಆಯ್ಕೆಯೂ ಮುಖ್ಯ. ನಮ್ಮ ಸ್ಟೇಷನರಿ ಅಂಗಡಿಯ ಗ್ಲೇಜ್ ಪೇಪರ್ ತೆಳುವಾಗಿ ಚೆನ್ನಾಗಿ ಮಡಚುತ್ತದೆ, ಆದರೆ ಒಂದೇ ಗೆರೆಯನ್ನು ಎರಡೂ ಕಡೆಗೆ ಮಡಚಿದರೆ ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತದೆ. ಜೆರಾಕ್ಸ್ ಹಾಳೆ, 70–80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಗಣಿತದ ಪ್ರಯೋಗಗಳಿಗೆ ಸಾಕು, ಕೊಕ್ಕರೆಗೆ ಸ್ವಲ್ಪ ದಪ್ಪ. ಪುಸ್ತಕಕ್ಕೆ ಹಾಕುವ ಬ್ರೌನ್ ಶೀಟ್ ಗಟ್ಟಿ, ಮಡಿಕೆಯನ್ನು ಚೆನ್ನಾಗಿ ಹಿಡಿದಿಡುತ್ತದೆ. ಯಂತ್ರದಲ್ಲಿ ಮಾಡಿದ ಕಾಗದಕ್ಕೆ ಎಳೆಯ ದಿಕ್ಕು ಇರುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಗೆರೆಯ ಮಡಿಕೆ ನುಣುಪಾಗಿ ಬೀಳುತ್ತದೆ, ಅದಕ್ಕೆ ಅಡ್ಡವಾದದ್ದು ಒರಟು.

ಮಡಚುವಾಗ ಕೆಳಗಿನ ಅಂಚನ್ನು ಮೇಲಕ್ಕೆ ಒಯ್ಯಿರಿ. ಬೇಕಾದರೆ ಕಾಗದವನ್ನು ತಿರುಗಿಸಿಕೊಳ್ಳಿ, ಕೈಯನ್ನು ತಿರುಚಬೇಡಿ. ಎರಡು ಅಂಚು ಹೊಂದಿದ ಮೇಲೆ ಒಂದು ಬೆರಳಿನಿಂದ ಹಿಡಿದು ನಡುವಿನಿಂದ ತುದಿಗಳ ಕಡೆಗೆ ಮೊದಲು ಮೆಲ್ಲಗೆ ಒತ್ತಿ, ಆಮೇಲೆ ಉಗುರಿನಿಂದ ಗೀರಿ. ತುದಿಯಿಂದ ಶುರುಮಾಡಿದರೆ ಕಾಗದ ಜಾರುತ್ತದೆ.

ಗಣಿತ ಓದಿದವರು ಮುಗ್ಗರಿಸುವುದು ಬೇರೆ ಕಡೆ. ‘ಈ ಬಿಂದುವಿನ ಮೂಲಕ ಇಂಥ ಕೋನದಲ್ಲಿ ಮಡಚು’ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಳ್ಳುತ್ತಾರೆ, ಕಾಗದದ ಮೇಲೆ ಹಿಡಿದುಕೊಳ್ಳಲು ಗುರುತೇ ಇರುವುದಿಲ್ಲ. ಕಾಗದಕ್ಕೆ ಗೊತ್ತಿರುವುದು ಒಂದೇ ಕೆಲಸ: ಇದನ್ನು ಅದರ ಮೇಲೆ ಇಡುವುದು. ಬಿಂದುವಿನ ಮೇಲೆ ಬಿಂದು, ಗೆರೆಯ ಮೇಲೆ ಗೆರೆ, ಗೆರೆಯ ಮೇಲೆ ಬಿಂದು. ಮಡಿಕೆ ತಾನಾಗಿ ಹುಟ್ಟುತ್ತದೆ.

ಅಳತೆಪಟ್ಟಿ ಇಲ್ಲದೆ ಮೂರನೆಯ ಒಂದು ಭಾಗ

ಚೌಕವನ್ನು ಎರಡು, ನಾಲ್ಕು, ಎಂಟು ಭಾಗ ಮಾಡುವುದು ಸುಲಭ. ಮೂರು ಭಾಗ ಮಾಡಿ ಎಂದರೆ? ಹಾಗಾ ಅವರ ಹೆಸರಿನ ಮಡಿಕೆ ಇಲ್ಲಿದೆ.

ಚೌಕವನ್ನು ಮುಂದಿಡಿ. ಮೇಲಿನ ಬದಿಯ ಮಧ್ಯಬಿಂದು ಬೇಕು. ಅದಕ್ಕಾಗಿ ಪೂರ್ತಿ ಮಡಚಬೇಡಿ, ಮೇಲಿನ ಅಂಚಿನಲ್ಲಿ ಮಾತ್ರ 5 ಮಿ.ಮೀ.ನಷ್ಟು ಚಿವುಟಿ ಗುರುತು ಮಾಡಿ. ಬೇಡದ ಗೆರೆ ಮುಂದಿನ ಮಡಿಕೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಈಗ ಕೆಳಗಿನ ಬಲ ಮೂಲೆಯನ್ನು ಎತ್ತಿ ಆ ಗುರುತಿನ ಮೇಲೆ ಸರಿಯಾಗಿ ಇಟ್ಟು ಮಡಚಿ. ಚೌಕದ ಕೆಳಗಿನ ಬದಿ ಈಗ ಓರೆಯಾಗಿ ಮೇಲೆ ಹೋಗಿದೆ, ಎಡ ಬದಿಯನ್ನು ಒಂದು ಕಡೆ ದಾಟುತ್ತದೆ. ದಾಟುವ ಜಾಗವನ್ನು ಚಿವುಟಿ. ಅದು ಎಡ ಬದಿಯನ್ನು ಮೇಲಿನಿಂದ ಮೂರನೆಯ ಎರಡು ಭಾಗದಲ್ಲಿ, ಕೆಳಗಿನಿಂದ ಮೂರನೆಯ ಒಂದು ಭಾಗದಲ್ಲಿ ಕತ್ತರಿಸುತ್ತದೆ. 15 ಸೆಂ.ಮೀ. ಚೌಕವಾದರೆ ಕೆಳಗಿನಿಂದ 5 ಸೆಂ.ಮೀ.

ಇಲ್ಲಿಗೆ ನಿಲ್ಲಿಸಿದರೂ ಖುಷಿ ಪೂರ್ತಿಯಾದದ್ದೇ. ಮುಂದೆ ಹೋಗುವವರು ಬಲ ಮೇಲ್ಮೂಲೆಯ ಚಿಕ್ಕ ತ್ರಿಭುಜವನ್ನು ನೋಡಲಿ. ಬದಿಯನ್ನು 1 ಎಂದುಕೊಂಡರೆ ಅದರ ಮೇಲಿನ ಭುಜ ಅರ್ಧ. ಬಲಭುಜ x ಆದರೆ ಓರೆಭುಜ 1 − x, ಏಕೆಂದರೆ ಮಡಚಿದ ತುಂಡು ಬಲ ಬದಿಯ ಉಳಿದ ಭಾಗವೇ. ಪೈಥಾಗೊರಸ್ ಹಾಕಿದರೆ x = 3/8. ಮೂರು ಭುಜಗಳು 3/8, 4/8, 5/8. ಶಾಲೆಯಲ್ಲಿ ಬಾಯಿಪಾಠ ಮಾಡಿದ 3-4-5 ತ್ರಿಭುಜ ಒಂದೇ ಮಡಿಕೆಯಲ್ಲಿ ಎದ್ದು ಬಂತು. ಎಡಗಡೆ ಮೂಲೆಯ ತ್ರಿಭುಜ ಇದಕ್ಕೆ ಸಮರೂಪ, ಅಲ್ಲಿಂದ ಅರ್ಧದ 4/3 ಪಟ್ಟು, ಅಂದರೆ 2/3 ಬರುತ್ತದೆ.

ಮೂಲೆಯನ್ನು ಮಧ್ಯಬಿಂದುವಿನಲ್ಲಿ ಇಡದೆ ಬಲ ಮೇಲ್ಮೂಲೆಯಿಂದ ಕಾಲು ಭಾಗದಲ್ಲಿ ಇಟ್ಟರೆ ಎಡ ಬದಿಯಲ್ಲಿ ಮೇಲಿನಿಂದ 2/5, ಮುಕ್ಕಾಲು ಭಾಗದಲ್ಲಿ ಇಟ್ಟರೆ 6/7. ಬಲ ಮೇಲ್ಮೂಲೆಯಿಂದ ಆ ದೂರ d ಆದರೆ ಸಿಗುವುದು 2d/(1+d). ಐದು ಭಾಗ, ಏಳು ಭಾಗ ಎರಡೂ ಒಂದೇ ಚಳಕದಲ್ಲಿ.

ಈ ಸೂತ್ರ ಇನ್ನೊಂದು ಉಪಯೋಗಕ್ಕೆ ಬರುತ್ತದೆ, ಕೈಕೆಲಸದವರಿಗೆ ಅದೇ ಹೆಚ್ಚು ಬೇಕಾದದ್ದು. ಮೊದಲ ಗುರುತು 1 ಮಿ.ಮೀ. ತಪ್ಪಿದರೆ ಉತ್ತರ ಎಷ್ಟು ತಪ್ಪುತ್ತದೆ? ಮಧ್ಯಬಿಂದುವಿನಲ್ಲಿ ಸುಮಾರು 0.9 ಮಿ.ಮೀ., ಅಂದರೆ ತಪ್ಪು ಬೆಳೆಯುವುದಿಲ್ಲ. ಕಾಲು ಭಾಗದಲ್ಲಿ ಸುಮಾರು 1.3, ಮುಕ್ಕಾಲು ಭಾಗದಲ್ಲಿ 0.65. ಹಾಗಾಗಿ ಐದು ಭಾಗ ಮಾಡುವಾಗ ಮೊದಲ ಗುರುತಿಗೆ ಹೆಚ್ಚು ಗಮನ ಕೊಡಬೇಕು, ಏಳು ಭಾಗದಲ್ಲಿ ಕಾಗದವೇ ಕ್ಷಮಿಸುತ್ತದೆ.

ಇದಕ್ಕಿಂತ ಸರಳವಾದ ಇನ್ನೊಂದು ದಾರಿ ಶೂಜೋ ಫುಜಿಮೊಟೊ ಅವರ ಹೆಸರಿನದು. ಐದು ಭಾಗ ಬೇಕೆಂದರೆ ಎಡ ಅಂಚಿನಿಂದ ಐದನೆಯ ಒಂದು ಭಾಗ ಎಲ್ಲಿರಬಹುದೆಂದು ಕಣ್ಣಂದಾಜಿನಲ್ಲಿ ಚಿವುಟಿ. ಬಲ ಅಂಚನ್ನು ಆ ಗುರುತಿಗೆ ತಂದು ಚಿವುಟಿ, ಮತ್ತೆ ಬಲ ಅಂಚನ್ನು ಹೊಸ ಗುರುತಿಗೆ ತಂದು ಚಿವುಟಿ. ಈಗ ಎಡ ಅಂಚನ್ನು ಈ ಕೊನೆಯ ಗುರುತಿಗೆ, ಮತ್ತೆ ಎಡ ಅಂಚನ್ನು ಅದರಿಂದ ಬಂದ ಗುರುತಿಗೆ. ನಾಲ್ಕು ಚಿವುಟು ಆದ ಮೇಲೆ ಮೊದಲಿನ ತಪ್ಪು ಹದಿನಾರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. 8 ಮಿ.ಮೀ. ತಪ್ಪಿದ್ದರೆ ಈಗ ಅರ್ಧ ಮಿ.ಮೀ. ಪ್ರತಿ ಸಲ ಅರ್ಧ ಮಾಡುವಾಗ ತಪ್ಪೂ ಅರ್ಧವಾಗುತ್ತದೆ, ಅಷ್ಟೇ ಗುಟ್ಟು. ಲೆಕ್ಕಕ್ಕೆ ಹೆದರುವವರಿಗೆ ಮೊದಲು ಕಲಿಸಬೇಕಾದದ್ದು ಇದು ಎಂಬುದು ನಮ್ಮ ದೃಢ ಅಭಿಪ್ರಾಯ. ತಪ್ಪಿನಿಂದಲೇ ಶುರುಮಾಡಿ ಸರಿಯ ಕಡೆಗೆ ಹೋಗುವ ಗಣಿತ ಶಾಲೆಯಲ್ಲಿ ಅವರಿಗೆ ಸಿಕ್ಕಿರುವುದಿಲ್ಲ.

ಕೈವಾರಕ್ಕೆ ಆಗದ್ದು

ಈಗ ಗಣಿತ ಓದಿದವರಿಗೆ. ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿಯಿಂದ ಯಾವ ಕೋನವನ್ನಾದರೂ ಮೂರು ಸಮಭಾಗ ಮಾಡುವ ವಿಧಾನ ಸಾಧ್ಯವೇ ಇಲ್ಲ ಎಂದು 1837ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯೆರ್ ವಾಂಟ್ಜೆಲ್ ಸಾಧಿಸಿದರು. 60 ಡಿಗ್ರಿಯನ್ನೂ ಹಾಗೆ ಮೂರು ಮಾಡಲು ಬರುವುದಿಲ್ಲ. ಕಾಗದದಿಂದ ಬರುತ್ತದೆ. ಜಪಾನಿನ ಹಿಸಾಶಿ ಅಬೆ ಅವರ ವಿಧಾನ ಹೀಗಿದೆ.

15 ಸೆಂ.ಮೀ. ಚೌಕ. ಮೊದಲು 60 ಡಿಗ್ರಿ ಮಾಡಿಕೊಳ್ಳಿ: ನಡುವೆ ಲಂಬ ಗೆರೆ ಮಡಚಿ ಬಿಚ್ಚಿ, ಕೆಳಗಿನ ಬಲ ಮೂಲೆಯನ್ನು ಆ ಗೆರೆಯ ಮೇಲೆ ಬರುವಂತೆ, ಮಡಿಕೆ ಕೆಳಗಿನ ಎಡ ಮೂಲೆಯಿಂದ ಹೊರಡುವಂತೆ ಮಡಚಿ. ಮೂಲೆ ಕೂತ ಜಾಗಕ್ಕೆ ಗುರುತು ಹಾಕಿ ಬಿಚ್ಚಿ. ಎಡ ಕೆಳಮೂಲೆಯಿಂದ ಆ ಗುರುತಿನ ಮೂಲಕ ಒಂದು ಗೆರೆ ಮಡಚಿದರೆ ಅದು ಕೆಳಗಿನ ಬದಿಯೊಂದಿಗೆ 60 ಡಿಗ್ರಿ. ಇದು ಓರೆಗೆರೆ.

ಆಮೇಲೆ ಕೆಳಗಿನಿಂದ ಸುಮಾರು 6 ಸೆಂ.ಮೀ. ಎತ್ತರದಲ್ಲಿ ಅಡ್ಡಗೆರೆ ಮಡಚಿ. ಕೆಳಗಿನ ಅಂಚನ್ನು ಆ ಗೆರೆಗೆ ತಂದು ಇನ್ನೊಂದು ಅಡ್ಡಗೆರೆ ಮಾಡಿ, ಅದು 3 ಸೆಂ.ಮೀ. ಎತ್ತರದಲ್ಲಿ ಬರುತ್ತದೆ. ಈಗ ಮುಖ್ಯ ಮಡಿಕೆ. ಎಡ ಕೆಳಮೂಲೆ ಕೆಳಗಿನ ಅಡ್ಡಗೆರೆಯ ಮೇಲೆ ಬರಬೇಕು, ಅದೇ ಹೊತ್ತಿಗೆ ಮೇಲಿನ ಅಡ್ಡಗೆರೆಯ ಎಡ ತುದಿ ಓರೆಗೆರೆಯ ಮೇಲೆ ಬರಬೇಕು. ಎರಡೂ ಒಟ್ಟಿಗೆ. ಮೂಲೆಯನ್ನು ಮೊದಲು ಅಡ್ಡಗೆರೆಯ ಮೇಲಿಟ್ಟು, ಗೆರೆ ಬಿಡದೆ ಬಲಕ್ಕೆ ಜಾರಿಸುತ್ತಾ ಹೋಗಿ. ಇನ್ನೊಂದು ತುದಿ ಓರೆಗೆರೆಯನ್ನು ಮುಟ್ಟಿದ ಕ್ಷಣ ಎರಡೂ ಬಿಂದುಗಳ ಮೇಲೆ ಬೆರಳು ಒತ್ತಿ, ಆಮೇಲೆ ಮಡಿಕೆ ಚಪ್ಪಟೆ ಮಾಡಿ. ಕೆಡುವುದು ಇಲ್ಲೇ: ಮಡಿಕೆ ಒತ್ತುವಾಗ ಒಂದು ಬಿಂದು ಸರಿಯುತ್ತದೆ. ಬೆಳಕಿನ ಎದುರು ಹಿಡಿದು ನೋಡಿದರೆ ಗೆರೆ ಆಚೆಯಿಂದ ಕಾಣುತ್ತದೆ, ಹೊಂದಿಸಲು ಸುಲಭ. ಮೂಲೆ ಕೂತ ಜಾಗಕ್ಕೆ ಪೆನ್ಸಿಲ್ ಚುಕ್ಕಿ ಇಟ್ಟು ಬಿಚ್ಚಿ. ಎಡ ಕೆಳಮೂಲೆಯಿಂದ ಆ ಚುಕ್ಕಿಗೆ ಗೆರೆ ಮಡಚಿದರೆ ಅದು 20 ಡಿಗ್ರಿ.

ಕೋನ ಚಿಕ್ಕದಾದರೆ ಅಡ್ಡಗೆರೆಯನ್ನು ಕೆಳಗಿಳಿಸಬೇಕು. 30 ಡಿಗ್ರಿಗೆ 6 ಸೆಂ.ಮೀ. ಗೆರೆ ಇಟ್ಟರೆ ಮೂಲೆ ಬಲಕ್ಕೆ 17 ಸೆಂ.ಮೀ. ಹೋಗಬೇಕಾಗುತ್ತದೆ, ಕಾಗದ ಇರುವುದು 15. ಗೆರೆಯನ್ನು 4 ಸೆಂ.ಮೀ.ಗೆ ಇಳಿಸಿದರೆ 11.3 ಸೆಂ.ಮೀ.ನಲ್ಲಿ ಕೂರುತ್ತದೆ. ವಿಧಾನ ಸುಳ್ಳೆಂದು ಬಿಟ್ಟುಬಿಡುವವರು ಹೆಚ್ಚಾಗಿ ಈ ಗೆರೆಯನ್ನು ಎತ್ತರದಲ್ಲಿ ಇಟ್ಟವರು.

ಯಾಕೆ ಆಗುತ್ತದೆ? ಪಿಯುಸಿಯಲ್ಲಿ ಪರವಲಯ ಓದಿದವರು ಒಂದು ಚಿಕ್ಕ ಪ್ರಯೋಗ ಮಾಡಿ. ಬಟರ್ ಪೇಪರ್ ಹಾಳೆಯಲ್ಲಿ ಕೆಳ ಅಂಚಿನಿಂದ 3 ಸೆಂ.ಮೀ. ಮೇಲೆ ನಡುವಿನಲ್ಲಿ ಚುಕ್ಕಿ ಇಡಿ. ಕೆಳ ಅಂಚಿನ ಬೇರೆಬೇರೆ ಜಾಗಗಳನ್ನು ಆ ಚುಕ್ಕಿಗೆ ತಂದು 20–25 ಮಡಿಕೆ ಹಾಕಿ. ಗೆರೆಗಳ ನಡುವೆ ಪರವಲಯ ತಾನಾಗಿ ಮೂಡುತ್ತದೆ. ಚುಕ್ಕಿಯೇ ನಾಭಿ, ಅಂಚೇ ನಿಯತರೇಖೆ, ಪ್ರತಿ ಮಡಿಕೆಯೂ ಸ್ಪರ್ಶಕ. ಅಂದರೆ ಬಿಂದುವನ್ನು ಗೆರೆಯ ಮೇಲೆ ಇಡುವ ಪ್ರತಿ ಮಡಿಕೆಯೂ ಒಂದು ಪರವಲಯವನ್ನು ಮುಟ್ಟುತ್ತದೆ. ಎರಡು ಬಿಂದುಗಳನ್ನು ಎರಡು ಗೆರೆಗಳ ಮೇಲೆ ಒಟ್ಟಿಗೆ ಇಟ್ಟರೆ ಆ ಮಡಿಕೆ ಎರಡು ಪರವಲಯಗಳಿಗೂ ಸ್ಪರ್ಶಕ. ಅಂಥ ಸಾಮಾನ್ಯ ಸ್ಪರ್ಶಕವನ್ನು ಹುಡುಕುವುದೆಂದರೆ ಘನ ಸಮೀಕರಣ ಬಿಡಿಸಿದಂತೆ. ಕೈವಾರ ವರ್ಗ ಸಮೀಕರಣಗಳಿಂದಾಚೆ ಹೋಗಲಾರದು, ಕಾಗದ ಘನಕ್ಕೂ ಹೋಗುತ್ತದೆ. ಇದನ್ನು 1936ರಲ್ಲೇ ತೋರಿಸಿದವರು ಇಟಲಿಯ ಗಣಿತಜ್ಞೆ ಮಾರ್ಗರಿತಾ ಪಿಯಾತ್ಸೊಲ್ಲಾ ಬೆಲೊಕ್. ದಶಕಗಳ ಕಾಲ ಅದನ್ನು ಗಮನಿಸಿದವರು ಕಡಿಮೆ. ಗಣಿತದ ಓದು ಒರಿಗಾಮಿಯಲ್ಲಿ ಕೊಡುವ ಖುಷಿಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾವು ಕಂಡಿಲ್ಲ. ಆದರೆ ಕೈಯಲ್ಲಿ ಆ ಜಾರುವ ಮೂಲೆಯನ್ನು ಹಿಡಿಯದೆ ಪುಸ್ತಕದಲ್ಲಿ ಮಾತ್ರ ಓದಿದವರಿಗೆ ಅದು ಇನ್ನೊಂದು ಪ್ರಮೇಯವಾಗಿ ಉಳಿದುಬಿಡುತ್ತದೆ.

ಬಿಚ್ಚಿ ನೋಡುವುದು

ಎರಡನೆಯ ಚೌಕ ತೆಗೆದುಕೊಳ್ಳಿ. ಎಲ್ಲಿ ಬೇಕಾದರೂ ಒಮ್ಮೆ ಓರೆಯಾಗಿ ಮಡಚಿ, ಮಡಚಿದ್ದನ್ನೇ ಇನ್ನೊಂದು ಓರೆಯಲ್ಲಿ ಮೊದಲ ಮಡಿಕೆಯನ್ನು ದಾಟುವಂತೆ ಮತ್ತೆ ಮಡಚಿ. ಬಿಚ್ಚಿ. ಗೆರೆಗಳು ಕೂಡುವ ಬಿಂದುವಿನಲ್ಲಿ ನಾಲ್ಕು ಗೆರೆ. ಮೂರು ಒಂದು ಬಗೆ, ಒಂದು ಇನ್ನೊಂದು ಬಗೆ. ಎಲ್ಲರದ್ದೂ ಹೀಗೇ ಬಂದಿರುತ್ತದೆ. ಎದುರುಬದುರು ಕೋನಗಳನ್ನು ಕೋನಮಾಪಕದಲ್ಲಿ ಅಳೆದು ಕೂಡಿಸಿ, 180.

ಚಪ್ಪಟೆಯಾಗಿ ಮಡಚಿದ ಯಾವ ಬಿಂದುವಿನಲ್ಲೂ ಬೆಟ್ಟ ಮಡಿಕೆಗಳಿಗೂ ಕಣಿವೆ ಮಡಿಕೆಗಳಿಗೂ ವ್ಯತ್ಯಾಸ 2 ಎನ್ನುವುದು ಮಾಯೆಕಾವಾ ಅವರ ಹೆಸರಿನದು. ಒಂದು ಬಿಟ್ಟು ಒಂದು ಕೋನಗಳ ಮೊತ್ತ 180 ಎನ್ನುವುದು ಕಾವಾಸಾಕಿ ಅವರ ಹೆಸರಿನದು. ಕೊಕ್ಕರೆಗೆ ಮೊದಲು ಮಾಡುವ ಚೌಕ ತಳವನ್ನು ಬಿಚ್ಚಿದರೆ ನಟ್ಟನಡುವೆ ನಿಜವಾಗಿ ಮಡಚಿರುವ ಗೆರೆಗಳು ಆರು: ನಾಲ್ಕು ಒಂದು ಬಗೆ, ಎರಡು ಇನ್ನೊಂದು. ಕೋನಗಳು ಸುತ್ತಲೂ 90, 45, 45, 90, 45, 45. ಒಂದು ಬಿಟ್ಟು ಒಂದನ್ನು ಕೂಡಿಸಿ.

ಕೆಲಸಕ್ಕೂ ಇದು ಬರುತ್ತದೆ. ನಕ್ಷೆ ನೋಡಿ ಮಡಚುವಾಗ ಒಂದು ಜಾಗ ಚಪ್ಪಟೆಯಾಗಲು ಒಪ್ಪದೆ ಉಬ್ಬಿ ನಿಂತರೆ, ಒತ್ತಬೇಡಿ. ಬಿಚ್ಚಿ ಆ ಬಿಂದುವಿನ ಸುತ್ತ ಗೆರೆ ಎಣಿಸಿ. ಬೆಸ ಸಂಖ್ಯೆ ಬಂದರೆ ಒಂದು ಗೆರೆ ತಪ್ಪಿಹೋಗಿದೆ. ಸಮ ಸಂಖ್ಯೆ ಇದ್ದು ವ್ಯತ್ಯಾಸ 2 ಬರದಿದ್ದರೆ ಒಂದು ಗೆರೆ ತಿರುವುಮುರುವಾಗಿ ಮಡಚಿದೆ. ಆದರೆ ಒಂದೊಂದು ಬಿಂದುವೂ ಸರಿಯಿದ್ದ ಮಾತ್ರಕ್ಕೆ ಇಡೀ ಹಾಳೆ ಮಡಚುತ್ತದೆ ಎನ್ನುವಂತಿಲ್ಲ. ಇಡೀ ಗೆರೆವಿನ್ಯಾಸ ಚಪ್ಪಟೆಯಾಗುತ್ತದೋ ಎಂದು ನಿರ್ಧರಿಸುವುದು ಕಂಪ್ಯೂಟರಿಗೂ ಕಗ್ಗಂಟಾಗುವ ಜಾತಿಯ ಸಮಸ್ಯೆ ಎಂದು ಬರ್ನ್ ಮತ್ತು ಹೇಯ್ಸ್ 1996ರಲ್ಲಿ ತೋರಿಸಿದರು.

ಹೊಸ ಮಾದರಿ ಕಟ್ಟುವವರಿಗೆ ಮಾತ್ರ ಗಣಿತ ನಿಜವಾಗಿ ಬೇಕಾಗುತ್ತದೆ. ಕಾಲು, ಕೊಂಬು, ರೆಕ್ಕೆ, ಹೀಗೆ ಪ್ರತಿಯೊಂದು ಚಾಚಿಗೂ ಅದರ ಉದ್ದದ ತ್ರಿಜ್ಯವುಳ್ಳ ವೃತ್ತದಷ್ಟು ಕಾಗದ ಬೇಕು. ಮೂಲೆಯಿಂದ ಬಂದ ಚಾಚಿಗೆ ಕಾಲು ವೃತ್ತ ಸಾಕು, ಅಂಚಿನಿಂದ ಬಂದದ್ದಕ್ಕೆ ಅರ್ಧ, ಒಳಗಿನಿಂದ ಬಂದದ್ದಕ್ಕೆ ಪೂರ್ತಿ. 15 ಸೆಂ.ಮೀ. ಚೌಕದ ನಾಲ್ಕು ಮೂಲೆಗಳಲ್ಲಿ 7.5 ಸೆಂ.ಮೀ. ತ್ರಿಜ್ಯ ಹಾಕಿದರೆ ಅವು ಒಂದನ್ನೊಂದು ಮುಟ್ಟುತ್ತವೆ: ಕೊಕ್ಕರೆಯ ಕತ್ತು, ಬಾಲ, ಎರಡು ರೆಕ್ಕೆ. ನಡುವೆ ಉಳಿದ ಜಾಗದಲ್ಲಿ 3.1 ಸೆಂ.ಮೀ. ತ್ರಿಜ್ಯದ ವೃತ್ತ ಹಿಡಿಯುತ್ತದೆ. ಕೊಕ್ಕರೆಯ ಬೆನ್ನ ಮೇಲೆ ಏಳುವ ಆ ಚಿಕ್ಕ ದಿಬ್ಬ ಅದೇ. ಲ್ಯಾಂಗ್ ಈ ಲೆಕ್ಕವನ್ನು ಕಂಪ್ಯೂಟರ್ ತಂತ್ರಾಂಶವಾಗಿ ಬರೆದರು.

ಲೆಕ್ಕ ಮರೆಯುವ ಒಂದು ವಸ್ತು ದಪ್ಪ. ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ., ಐದು ಸಲ ಅರ್ಧಕ್ಕೆ ಮಡಚಿದರೆ 32 ಪದರ, 3 ಮಿ.ಮೀ.ಗೂ ಮೇಲೆ. ಹಾಗಾಗಿ ಎರಡು ಅಂಚನ್ನು ನಡುಗೆರೆಗೆ ತಂದು ಆಮೇಲೆ ಅದೇ ನಡುಗೆರೆಯಲ್ಲಿ ಮುಚ್ಚುವುದಿದ್ದರೆ ಅಂಚುಗಳನ್ನು ಗೆರೆಗೆ ಸರಿಯಾಗಿ ತಾಗಿಸಬೇಡಿ, ಅರ್ಧ ಮಿ.ಮೀ. ಬಿಡಿ. ಕಟ್ಟುನಿಟ್ಟಾಗಿ ತಾಗಿಸುವ ಗಣಿತದವರ ಮಾದರಿ ಇಲ್ಲಿ ಸುಕ್ಕಾಗುತ್ತದೆ, ಅಡುಗೆಮನೆಯಲ್ಲಿ ಕಡುಬಿಗೆ ಅಂದಾಜು ಜಾಗ ಬಿಟ್ಟು ಎಲೆ ಸುತ್ತುವ ಕೈಗೆ ಇದು ಹೇಳದೆಯೇ ಗೊತ್ತು.

ಮೂವತ್ತು ತುಂಡುಗಳ ಚೆಂಡು

ಎರಡೂ ಬಗೆಯ ಜನರನ್ನು ಒಂದೇ ಮೇಜಿಗೆ ಕೂರಿಸಲು ಮಿತ್ಸುನೊಬು ಸೊನೊಬೆ ಅವರ ಘಟಕಕ್ಕಿಂತ ಒಳ್ಳೆಯದಿಲ್ಲ. ಒಂದು ಚೌಕದಿಂದ ಸಮಾಂತರ ಚತುರ್ಭುಜದ ಆಕಾರದ ಒಂದು ಘಟಕ, ಅಂಟು ಇಲ್ಲ, ಒಂದರ ಮೂಲೆ ಇನ್ನೊಂದರ ಜೇಬಿಗೆ ಸೇರುತ್ತದೆ. 6 ಘಟಕದಿಂದ ಘನ, 12ರಿಂದ ಚಿಕ್ಕ ಮುಳ್ಳುಚೆಂಡು, 30ರಿಂದ ದೊಡ್ಡದು. ಎ4 ಹಾಳೆಯಲ್ಲಿ 7 ಸೆಂ.ಮೀ. ಚೌಕ 12 ಬರುತ್ತವೆ. ಮೂರು ಬಣ್ಣದ ಮೂರು ಹಾಳೆ ತಂದರೆ ಬಣ್ಣಕ್ಕೆ 10ರಂತೆ 30 ಘಟಕ, ಬಣ್ಣಕ್ಕೆ ಎರಡೆರಡು ಚೌಕ ಉಳಿಕೆ.

6, 12, 30 ಎಂಬ ಸಂಖ್ಯೆಗಳು ಎಲ್ಲಿಂದ ಬಂದವು? ನಾಲ್ಕು ತ್ರಿಭುಜ ಮುಖಗಳ ಚತುಷ್ಫಲಕದ ಅಂಚುಗಳು 6, ಎಂಟು ಮುಖಗಳ ಅಷ್ಟಫಲಕದ್ದು 12, ಇಪ್ಪತ್ತು ಮುಖಗಳ ವಿಂಶತಿಫಲಕದ್ದು 30. ಪ್ರತಿ ಘಟಕವೂ ಒಂದು ಅಂಚು. ಪ್ರತಿ ತ್ರಿಭುಜ ಮುಖದ ಮೇಲೆ ಮೂರು ಘಟಕ ಸೇರಿ ಒಂದು ಚಿಕ್ಕ ಗೋಪುರ. ಒಂದು ಬಿಂದುವಿನ ಸುತ್ತ ಮೂರು ಗೋಪುರ ನಿಂತರೆ ಘನ, ನಾಲ್ಕು ನಿಂತರೆ ಚಿಕ್ಕ ಚೆಂಡು, ಐದು ನಿಂತರೆ ದೊಡ್ಡದು.

ಅತಿ ಸಾಮಾನ್ಯ ತಪ್ಪು ಎರಡು. ಒಂದು, ಕೆಲವು ಘಟಕಗಳು ಕನ್ನಡಿ ಬಿಂಬವಾಗಿ ಮಡಚಿರುತ್ತವೆ. ಮೊದಲ ಘಟಕದಲ್ಲಿ ಎಡ ಮೇಲ್ಮೂಲೆ ಮತ್ತು ಬಲ ಕೆಳಮೂಲೆ ಮಡಚಿದ್ದರೆ ಮೂವತ್ತರಲ್ಲೂ ಅವೇ ಮೂಲೆಗಳಾಗಬೇಕು. ಜೋಡಿಸುವ ಮೊದಲು ಎಲ್ಲವನ್ನೂ ನುಣುಪು ಮುಖ ಮೇಲಾಗಿ ಮೇಜಿನ ಮೇಲೆ ಸಾಲಾಗಿಡಿ. ಯಾವುದಾದರೂ ಸಮಾಂತರ ಚತುರ್ಭುಜ ಉಳಿದವುಗಳ ವಿರುದ್ಧ ದಿಕ್ಕಿಗೆ ವಾಲಿದ್ದರೆ ಅದನ್ನು ಬದಿಗಿಡಿ, ಅದು ಎಂದಿಗೂ ಸೇರುವುದಿಲ್ಲ. ಎರಡು, ಒಂದು ಬಿಂದುವಿನ ಸುತ್ತ ಐದರ ಬದಲು ಆರು ಗೋಪುರ ಸೇರಿಸಿಬಿಡುವುದು. ಆರು ತ್ರಿಭುಜದ ಕೋನಗಳು ಆರು ಅರವತ್ತು, 360. ಅಲ್ಲಿ ಮೇಲ್ಮೈ ಬಾಗುವುದೇ ಇಲ್ಲ, ಎಷ್ಟು ಘಟಕ ಸೇರಿಸಿದರೂ ಚೆಂಡು ಮುಚ್ಚದು. ಜೋಡಿಸುತ್ತಾ ಪ್ರತಿ ಬಿಂದುವಿನಲ್ಲೂ ‘ಐದು’ ಎಂದು ಎಣಿಸಿ.

ಬಣ್ಣದ ಹೊಂದಾಣಿಕೆ ಇನ್ನೊಂದು ಮೆಟ್ಟಿಲು: ಪ್ರತಿ ಗೋಪುರದಲ್ಲೂ ಮೂರೂ ಬಣ್ಣ ಬರಬೇಕು. ಕಣ್ಣಳತೆಯಲ್ಲಿ ಹೋದರೆ ಕೊನೆಕೊನೆಗೆ ಒಂದು ಗೋಪುರದಲ್ಲಿ ಎರಡು ಕೆಂಪು ಬಂದು ಸಿಕ್ಕಿಕೊಳ್ಳಬಹುದು. ಹಿಂದಿನ ಎರಡು ಮೂರು ಘಟಕ ಬಿಚ್ಚಿ ಬದಲಿಸಿ ನೋಡುವುದು ಒಂದು ದಾರಿ, ಅದರಲ್ಲೂ ರಸವಿದೆ. ಇನ್ನೊಂದು ದಾರಿ ಕಾಗದದ ಮೇಲೆ ಮೊದಲೇ ನಕ್ಷೆ ಬರೆಯುವುದು. ಗೋಪುರಗಳು 20, ಒಂದೊಂದಕ್ಕೂ ಒಂದು ಚುಕ್ಕಿ. ಒಳಗೆ ಐದು ಚುಕ್ಕಿಯ ಪಂಚಭುಜ, ಅದರ ಸುತ್ತ ಹತ್ತು ಚುಕ್ಕಿಯ ಬಳೆ, ಹೊರಗೆ ಐದು ಚುಕ್ಕಿಯ ದೊಡ್ಡ ಪಂಚಭುಜ. ಬಳೆಯ ಚುಕ್ಕಿಗಳನ್ನು ಒಂದು ಬಿಟ್ಟು ಒಂದರಂತೆ ಒಳಕ್ಕೂ ಹೊರಕ್ಕೂ ಗೆರೆಯಿಂದ ಸೇರಿಸಿ. ಈಗ ಪ್ರತಿ ಚುಕ್ಕಿಯಿಂದ ಮೂರು ಗೆರೆ ಹೊರಡುತ್ತವೆ, ಒಟ್ಟು ಗೆರೆ 30, ನಮ್ಮ 30 ಘಟಕಗಳು. ಪೆನ್ಸಿಲ್ ಎತ್ತದೆ ಇಪ್ಪತ್ತೂ ಚುಕ್ಕಿಗಳನ್ನು ಒಂದೊಂದೇ ಸಲ ದಾಟಿ ಹೊರಟಲ್ಲಿಗೆ ಮರಳುವ ದಾರಿ ಹುಡುಕಿ. 1857ರಲ್ಲಿ ಐರ್ಲೆಂಡಿನ ಗಣಿತಜ್ಞ ವಿಲಿಯಂ ಹ್ಯಾಮಿಲ್ಟನ್ ಆಟವಾಗಿ ಮುಂದಿಟ್ಟ ಒಗಟು ಇದೇ. ದಾರಿ ಸಿಕ್ಕ ಮೇಲೆ ಅದರ ಇಪ್ಪತ್ತು ಗೆರೆಗಳಿಗೆ ಕೆಂಪು, ಹಳದಿ, ಕೆಂಪು, ಹಳದಿ ಎಂದು ಬಣ್ಣ ಕೊಡಿ, ದಾರಿಗೆ ಸೇರದ ಹತ್ತು ಗೆರೆಗಳಿಗೆ ಹಸಿರು. ಪ್ರತಿ ಚುಕ್ಕಿಗೂ ಒಂದು ಕೆಂಪು, ಒಂದು ಹಳದಿ, ಒಂದು ಹಸಿರು ತಾನಾಗಿ ಬಂದಿರುತ್ತದೆ. ಈ ನಕ್ಷೆಯನ್ನು ಪಕ್ಕದಲ್ಲಿಟ್ಟು ಒಳಗಿನ ಐದು ಗೋಪುರಗಳಿಂದ ಜೋಡಣೆ ಶುರುಮಾಡಿ, ಜೋಡಿಸಿದ ಗೆರೆಯನ್ನು ಅಲ್ಲಲ್ಲೇ ಅಡ್ಡ ಗೀಚುತ್ತಾ ಹೋಗಿ. ಕೊನೆಯ ಮೂರು ಘಟಕಗಳು ಬಿಗಿಯಾಗಿ ಕೂರುತ್ತವೆ. ಮೂರನ್ನೂ ಒಟ್ಟಿಗೆ ಅರ್ಧರ್ಧ ತೂರಿಸಿ, ಆಮೇಲೆ ಒಂದೊಂದಾಗಿ ಒಳಗೆ ತಳ್ಳಿ.